ಬ್ಯಾಟರಿ ಬದಲಿಸಿದರೂ ಅಲಾರಾಂ ಸದ್ದು ನಿಲ್ಲದಿದ್ದರೆ ಅದನ್ನು ಕಳಚಿಡಬಹುದೇ?

ಹೊಗೆ ಮತ್ತು ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಎರಡನ್ನೂ ಪತ್ತೆಹಚ್ಚುವ ನಿಮ್ಮ ಅಲಾರಾಂ, ಹೊಸ ಬ್ಯಾಟರಿ ಹಾಕಿದ ಮೇಲೂ ನಿಮಿಷಕ್ಕೊಮ್ಮೆ ಕೀಂಗುಟ್ಟುತ್ತಿದೆ, ಅದನ್ನು ತೆಗೆದಿಡಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ಅದನ್ನು ಕೆಳಗಿಳಿಸಿ, ಹಿಂಬದಿಯಲ್ಲಿ ಅಚ್ಚಾಗಿರುವ ತಯಾರಿಕೆಯ ದಿನಾಂಕವನ್ನು ನೋಡಿ. ಹೊಗೆ ಅಲಾರಾಂಗಳನ್ನು ಸಾಮಾನ್ಯವಾಗಿ 10 ವರ್ಷಕ್ಕೆ ಬದಲಿಸಬೇಕು. ಕಾರ್ಬನ್ ಮಾನಾಕ್ಸೈಡ್ ಸೆನ್ಸರ್ ರಾಸಾಯನಿಕ ಕ್ರಿಯೆಯಿಂದ ಕೆಲಸ ಮಾಡುವುದರಿಂದ ಅನೇಕ ಮಾದರಿಗಳಲ್ಲಿ ಅದರ ಆಯುಷ್ಯ ಇನ್ನೂ ಕಡಿಮೆ. ಅವಧಿ ಮುಗಿದುದನ್ನು ತಿಳಿಸುವ ಸದ್ದು ಯಾವ ಹೊಸ ಬ್ಯಾಟರಿಯಿಂದಲೂ ನಿಲ್ಲುವುದಿಲ್ಲ.

ಅವಧಿ ಇನ್ನೂ ಉಳಿದಿದ್ದರೆ, ಬ್ಯಾಟರಿಯ ಮುಚ್ಚಳ ಪೂರ್ತಿ ಕೂತಿದೆಯೇ, ಒಳಗಿನ ಲೋಹದ ಪಟ್ಟಿಗಳಿಗೆ ಕಿಲುಬು ಹಿಡಿದಿದೆಯೇ, ಕೈಪಿಡಿಯಲ್ಲಿ ಹೇಳಿದ ಬಗೆಯ ಬ್ಯಾಟರಿಯನ್ನೇ ಹಾಕಿದ್ದೀರೇ ಎಂದು ಪರೀಕ್ಷಿಸಿ. ಮನೆಯ ವಿದ್ಯುತ್ ಸಂಪರ್ಕವಿರುವ ಅಲಾರಾಂ ಆಗಿದ್ದರೆ, ಹಳೆಯ ಎಚ್ಚರಿಕೆ ಅದರೊಳಗೆ ಉಳಿದುಕೊಂಡಿರಬಹುದು; ಆ ಸರ್ಕ್ಯೂಟನ್ನು ಆಫ್ ಮಾಡಿ, ಬ್ಯಾಟರಿ ತೆಗೆದು, ಟೆಸ್ಟ್ ಬಟನ್ನನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದು ಮತ್ತೆ ಜೋಡಿಸಿ. ಸದ್ದು ನಸುಕಿನಲ್ಲೇ ಹೆಚ್ಚು ಎಂದೂ ಬರೆದಿದ್ದೀರಿ. ಚಳಿಗೆ ಬ್ಯಾಟರಿಯ ವೋಲ್ಟೇಜ್ ತುಸು ಇಳಿಯುವುದರಿಂದ, ಹಗಲಿನಲ್ಲಿ ಸುಮ್ಮನಿದ್ದ ಅಲಾರಾಂ ಆ ಹೊತ್ತಿಗೆ ಕೂಗತೊಡಗುತ್ತದೆ. ಹಾಗಿದ್ದಲ್ಲಿ, ನೀವು ಹಾಕಿದ ಬ್ಯಾಟರಿ ಬಹಳ ಕಾಲ ಡ್ರಾಯರಿನಲ್ಲಿದ್ದು ಸೊರಗಿದ್ದೇ ಎಂಬ ಅನುಮಾನ ನನಗಿದೆ.

ಕಾರಣವಿಲ್ಲದೆ ಜೋರಾಗಿ ಬಡಿದುಕೊಳ್ಳುವುದು ಬೇರೆಯೇ ತೊಂದರೆ. ಬೆಳಕಿನ ಕಿರಣ ಚದುರುವುದನ್ನು ಗಮನಿಸಿ ಹೊಗೆಯನ್ನು ಗುರುತಿಸುವ ಅಲಾರಾಂಗಳಲ್ಲಿ, ಒಳಹೊಕ್ಕ ದೂಳೋ ಸಣ್ಣ ಹುಳವೋ ಹೊಗೆಯಂತೆಯೇ ಬೆಳಕನ್ನು ಚದುರಿಸುತ್ತದೆ. ವ್ಯಾಕ್ಯೂಮ್ ಕ್ಲೀನರಿನ ಮೃದು ಬ್ರಶ್‌ನಿಂದ ಅದರ ಸೀಳುಗಳನ್ನು ಆಗಾಗ ಸ್ವಚ್ಛಗೊಳಿಸಿದರೆ ಸಾಕು. ನೀರು, ಸ್ಪ್ರೇ, ಬಣ್ಣ ಯಾವುದೂ ತಾಗಬಾರದು. ತಿಂಗಳಿಗೊಮ್ಮೆ ಟೆಸ್ಟ್ ಬಟನ್ ಒತ್ತುವುದು ಅಗತ್ಯ, ಆದರೆ ಅದು ಮುಖ್ಯವಾಗಿ ವಿದ್ಯುತ್ ಭಾಗಗಳನ್ನೂ ಸದ್ದು ಮಾಡುವ ಭಾಗವನ್ನೂ ಪರೀಕ್ಷಿಸುತ್ತದೆಯೇ ಹೊರತು ಹಳತಾದ ಸೆನ್ಸರ್ ಇನ್ನೂ ಚುರುಕಾಗಿದೆ ಎಂಬ ಭರವಸೆ ಕೊಡುವುದಿಲ್ಲ.

ಇದಕ್ಕಿಂತ ಮುಖ್ಯವಾದುದು ಸದ್ದಿನ ಲಯ. ಅನೇಕ ಅಲಾರಾಂಗಳಲ್ಲಿ ಮೂರು ಜೋರು ಸದ್ದು, ನಡುವೆ ಬಿಡುವು ಎಂದರೆ ಹೊಗೆ. ನಾಲ್ಕು ಸದ್ದು, ಬಿಡುವು ಎಂದರೆ ಕಾರ್ಬನ್ ಮಾನಾಕ್ಸೈಡ್. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಆದ್ದರಿಂದಲೇ ಜನ ಇದನ್ನು ಸುಳ್ಳು ಎಚ್ಚರಿಕೆ ಎಂದು ತಳ್ಳಿಹಾಕುತ್ತಾರೆ. ಆದರೆ ಅಮೆರಿಕದ ಯುಎಲ್ 2034 ಮಾನದಂಡದಂತೆ ತಯಾರಾದ ಅಲಾರಾಂ, ಅನಿಲದ ಪ್ರಮಾಣ 70 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ 70 ಭಾಗ) ಇದ್ದರೆ 60ರಿಂದ 240 ನಿಮಿಷಗಳ ನಂತರವೇ ಕೂಗುತ್ತದೆ. 400 ಪಿಪಿಎಂ ಇದ್ದರೆ 4ರಿಂದ 15 ನಿಮಿಷಗಳೊಳಗೆ. ಅಂದರೆ ಅದು ಕೂಗುವ ಹೊತ್ತಿಗೆ ನೀವು ಆ ಗಾಳಿಯನ್ನು ಉಸಿರಾಡುತ್ತಲೇ ಇದ್ದಿರಬಹುದು. ಕಾರಣ ಹುಡುಕುತ್ತಾ ಒಳಗೆ ನಿಲ್ಲದೆ ಎಲ್ಲರನ್ನೂ ಹೊರಗೆ ಕರೆತಂದು ತುರ್ತು ಸೇವೆಗೆ ಕರೆ ಮಾಡಿ, ಯಾರಿಗಾದರೂ ತಲೆನೋವು, ತಲೆಸುತ್ತು, ವಾಕರಿಕೆ ಇದ್ದರೆ ಅದನ್ನು ಮೊದಲೇ ತಿಳಿಸಿ.

ದಿನಾಂಕ ಅಳಿಸಿಹೋಗಿ ಓದಲಾಗದಿದ್ದರೆ ಅದನ್ನು ಅವಧಿ ಮುಗಿದದ್ದೆಂದೇ ಎಣಿಸಿ ಹೊಸದನ್ನು ತನ್ನಿ. ಹೊಸದು ಕೈಗೆ ಬರುವವರೆಗೆ ಹಳೆಯದು ಅದೇ ಜಾಗದಲ್ಲಿರಲಿ.