ಪೆನ್ಸಿಲ್‌ನಲ್ಲಿ ಚೆನ್ನಾಗಿದ್ದ ಮುಖ ಇಂಕ್‌ನಲ್ಲಿ ಯಾಕೆ ಕೆಡುತ್ತೆ?

ಪ್ರಶ್ನೆ: ಪೆನ್ಸಿಲ್‌ನಲ್ಲಿ ಬಿಡಿಸಿದಾಗ ಮುಖ ಚೆನ್ನಾಗಿ ಹೋಲುತ್ತದೆ. ಇಂಕ್ ಹಾಕಿದ ಕೂಡಲೇ ಹತ್ತು ವರ್ಷ ವಯಸ್ಸಾದ ಹಾಗೆ, ಮರಗಟ್ಟಿದ ಹಾಗೆ ಕಾಣುತ್ತದೆ. ಪೆನ್ಸಿಲ್ ಗೆರೆ ಬಿಟ್ಟು ಒಂದಿಷ್ಟೂ ಆಚೆ ಹೋಗುವುದಿಲ್ಲ. ತಪ್ಪೆಲ್ಲಿ?

ಉತ್ತರ: ಆ ಅತಿ ಎಚ್ಚರದಲ್ಲೇ ತಪ್ಪಿದೆ. ಪೆನ್ಸಿಲ್‌ನಲ್ಲಿ ನೀವು ಒಂದು ಗೆರೆ ಅಂದುಕೊಂಡದ್ದು ನಿಜಕ್ಕೂ ಅಕ್ಕಪಕ್ಕದ ಮೂರ್ನಾಲ್ಕು ತೆಳು ಗೆರೆ. ನೋಡುವವರ ಕಣ್ಣು ಅದರಲ್ಲಿ ಬೇಕಾದ್ದನ್ನು ಆರಿಸಿಕೊಳ್ಳುತ್ತದೆ. ಇಂಕ್ ಹಾಕುವಾಗ ಆರಿಸುವ ಕೆಲಸ ನಿಮ್ಮದು. ಅಲ್ಲಿ ಎಲ್ಲ ಗೆರೆಗೂ ಒಂದೇ ದಪ್ಪ ಕೊಟ್ಟರೆ ರೆಪ್ಪೆ, ದವಡೆ, ಕೆನ್ನೆಯ ಮಡಿಕೆ ಎಲ್ಲ ಒಟ್ಟಿಗೆ ಕೂಗಾಡಿದ ಹಾಗಾಗುತ್ತದೆ.

ವಯಸ್ಸು ಜಾಸ್ತಿ ಕಾಣುವುದು ಹೆಚ್ಚಾಗಿ ಮೂಗಿನ ಪಕ್ಕದಿಂದ ಬಾಯಿಯ ಕಡೆಗೆ ಇಳಿಯುವ ಗೆರೆಯಿಂದ. ಪೆನ್ಸಿಲ್‌ನಲ್ಲಿ ಅದು ತೆಳು ನೆರಳು, ಇಂಕ್‌ನಲ್ಲಿ ಸುಕ್ಕು. ಚಿಕ್ಕ ವಯಸ್ಸಿನ ಮುಖವಾದರೆ ಅದನ್ನು ಬಿಟ್ಟೇಬಿಡಿ. ಹಲ್ಲುಗಳ ನಡುವಿನ ಗೆರೆಗಳೂ ಬೇಡ. ಅವನ್ನು ಎಳೆದರೆ ನಗುವ ಮುಖ ಹಲ್ಲು ಕಿರಿದಂತಾಗುತ್ತದೆ.

ಇನ್ನು ಕಣ್ಣು. ಮೇಲಿನ ರೆಪ್ಪೆಯ ಗೆರೆಯನ್ನು ಮೂಗಿನ ಕಡೆಯಿಂದ ತೆಳ್ಳಗೆ ಶುರು ಮಾಡಿ, ಹೊರತುದಿಗೆ ಬರುತ್ತ ದಪ್ಪ ಮಾಡಿ. ಕೆಳರೆಪ್ಪೆಯನ್ನು ಪೂರ್ತಿ ಎಳೆಯಬೇಡಿ, ಹೊರಮೂಲೆಯಲ್ಲಿ ಚಿಕ್ಕದೊಂದು ಗೀಟು ಸಾಕು. ಕಪ್ಪು ಗುಡ್ಡೆಯ ಮೇಲ್ಭಾಗ ರೆಪ್ಪೆಯೊಳಗೆ ಸ್ವಲ್ಪ ಮುಚ್ಚಿರಲಿ, ಇಲ್ಲದಿದ್ದರೆ ಮುಖ ಬೆಚ್ಚಿಬಿದ್ದಂತೆ ಕಾಣುತ್ತದೆ. ತುಟಿಗೂ ಸುತ್ತ ಗೆರೆ ಬೇಡ. ಎರಡು ತುಟಿ ಸೇರುವ ಗೆರೆ ಗಟ್ಟಿಯಾಗಿರಲಿ, ಕೆಳತುಟಿಯ ಅಡಿಗೆ ಒಂದು ತುಂಡು ನೆರಳು ಕೊಟ್ಟರೆ ತುಟಿ ತಾನಾಗಿ ಕಾಣುತ್ತದೆ.

ಇಂಕ್ ಮುಟ್ಟುವ ಮೊದಲೇ ಬೆಳಕು ಯಾವ ಕಡೆಯಿಂದ ಅಂತ ತೀರ್ಮಾನಿಸಿ. ನೆರಳಿನ ಕಡೆ ಗೆರೆ ದಪ್ಪ, ಬೆಳಕಿನ ಕಡೆ ತೆಳು. ಹಣೆಯ ಅಂಚಿನಲ್ಲಿ, ಮೂಗಿನ ಏಣಿನ ಮೇಲೆ ಗೆರೆ ನಡುವೆ ಕಡಿದರೂ ಪರವಾಗಿಲ್ಲ. ದವಡೆಯಂಥ ಉದ್ದ ಗೆರೆಗೆ ಬೆರಳು ಆಡಿಸಬೇಡಿ, ಮೊಣಕೈಯಿಂದ ಎಳೆಯಿರಿ. ಕೈಗೆ ಸಲೀಸಾಗುವ ದಿಕ್ಕಿಗೆ ಹಾಳೆಯನ್ನೇ ತಿರುಗಿಸಿಕೊಳ್ಳಿ. ಕಣ್ಣು ಪೆನ್ನಿನ ತುದಿಯಲ್ಲಿ ಬೇಡ, ಗೆರೆ ಹೋಗಿ ನಿಲ್ಲಬೇಕಾದ ಜಾಗದಲ್ಲಿರಲಿ.

ಪ್ರಶ್ನೆ: ಇಂಕ್ ಹಾಳೆಯಲ್ಲಿ ಹರಡುತ್ತದೆ. ರಬ್ಬರ್ ಉಜ್ಜಿದರೆ ಗೆರೆ ಮಸುಕಾಗುತ್ತದೆ.

ಉತ್ತರ: ಹರಡುವುದು ಹಾಳೆಯ ದೋಷ. ಜೆರಾಕ್ಸ್ ಹಾಳೆಯ ನಾರು ಇಂಕನ್ನು ಹೀರಿಕೊಳ್ಳುತ್ತದೆ. ನುಣುಪಾದ, ದಪ್ಪನೆಯ ಬ್ರಿಸ್ಟಲ್ ಹಾಳೆ ಬಳಸಿ. ಮಸುಕಾಗುವುದಕ್ಕೆ ಅವಸರ ಕಾರಣ. ಕಪ್ಪು ತುಂಬಿದ ಜಾಗ ಒಣಗಲು ಗೆರೆಗಿಂತ ಜಾಸ್ತಿ ಹೊತ್ತು ಬೇಕು. ಪೆನ್ಸಿಲ್ಲೇ ತೆಳ್ಳಗಿದ್ದರೆ ಉಜ್ಜುವ ಗೋಜೂ ಕಡಿಮೆ, ಅಲ್ವಾ? ಎಚ್‌ಬಿ ಪೆನ್ಸಿಲನ್ನು ಹಗುರವಾಗಿ ಹಿಡಿಯಿರಿ. ಅದಕ್ಕಿಂತ ಗಟ್ಟಿಯಾದ 2ಎಚ್ ಪೆನ್ಸಿಲನ್ನು ಒತ್ತಿ ಎಳೆದರೆ ಹಾಳೆಯಲ್ಲಿ ಗೀರು ಬೀಳುತ್ತದೆ, ಇಂಕ್ ಆ ಗೀರಿನಲ್ಲೇ ಓಡುತ್ತದೆ. ಇಂಕ್ ಹಾಕುವ ಮೊದಲು, ನಾದಬಹುದಾದ ಮೆತ್ತನೆಯ ರಬ್ಬರ್ ಒತ್ತಿ ಎತ್ತಿ ಪೆನ್ಸಿಲ್ ಗೆರೆಯನ್ನು ತಿಳಿಯಾಗಿಸಿಕೊಳ್ಳಿ. ಅದ್ದಿ ಬರೆಯುವ ಹೊಸ ನಿಬ್‌ಗೆ ಎಣ್ಣೆಯ ಪದರ ಇರುತ್ತದೆ, ಮೊದಲು ಸೋಪು ನೀರಲ್ಲಿ ತೊಳೆದು ಒರೆಸಿ. ಅರಗು ಬೆರೆತ ಇಂಡಿಯನ್ ಇಂಕನ್ನು ಮಾತ್ರ ಫೌಂಟನ್ ಪೆನ್ನಿಗೆ ಹಾಕಲೇಬೇಡಿ, ಒಣಗಿ ಪೆನ್ನು ಕಟ್ಟಿಕೊಳ್ಳುತ್ತದೆ.

ಪ್ರಶ್ನೆ: ಕಾಮಿಕ್ಸ್ ಪುಟ ಬಿಡಿಸಿದರೆ ತುಂಬ ಗಿಜಿಗಿಜಿ ಅನಿಸುತ್ತದೆ. ಮಾತು ಬರೆಯಲೂ ಜಾಗ ಸಾಲದು.

ಉತ್ತರ: ಮಾತನ್ನೇ ಮೊದಲು ಬರೆಯಿರಿ. ಪ್ರತಿ ಚೌಕದಲ್ಲೂ ಅಕ್ಷರ, ಅದರ ಸುತ್ತಲಿನ ಮಾತಿನ ಗುಳ್ಳೆ ಎರಡನ್ನೂ ಪೆನ್ಸಿಲ್‌ನಲ್ಲಿ ಇಟ್ಟುಕೊಂಡು, ಉಳಿದ ಜಾಗದಲ್ಲಿ ಪಾತ್ರ ನಿಲ್ಲಿಸಿ. ಮೊದಲು ಮಾತಾಡುವವರು ಎಡಗಡೆ ಇರಲಿ, ಗುಳ್ಳೆಗಳ ಬಾಲ ಒಂದನ್ನೊಂದು ದಾಟುವುದಿಲ್ಲ.

ಗಿಜಿಗಿಜಿಗೆ ಕಾರಣ ಗೆರೆ ಜಾಸ್ತಿಯಾಗಿ ಕಪ್ಪು ಕಡಿಮೆಯಾಗಿರುವುದು. ಅಂಗೈಯಗಲದ ಕಚ್ಚಾ ಚಿತ್ರದಲ್ಲಿ ಪೂರ್ತಿ ಕಪ್ಪಾಗುವ ಜಾಗಗಳನ್ನಷ್ಟೇ ಮಾರ್ಕರ್‌ನಲ್ಲಿ ತುಂಬಿ ನೋಡಿ. ಕೂದಲು, ಬಾಗಿಲ ಸಂದಿ, ಕೋಟಿನ ಒಂದು ಪಕ್ಕ ಹೀಗೆ. ಆ ಕಪ್ಪುಗಳೇ ಕಣ್ಣನ್ನು ಮುಖ್ಯ ಪಾತ್ರದ ಕಡೆ ಕರೆದೊಯ್ಯಬೇಕು. ಹಿನ್ನೆಲೆಯ ಇಟ್ಟಿಗೆಗಳನ್ನೆಲ್ಲ ಬಿಡಿಸುವ ಹಟ ಯಾಕೆ? ಮೂಲೆಯಲ್ಲಿ ನಾಲ್ಕು ಇಟ್ಟಿಗೆ ಕಂಡರೆ ಗೋಡೆ ಅಂತ ಗೊತ್ತಾಗುತ್ತದೆ.

ಅಚ್ಚಿನ ಅಳತೆಗಿಂತ ಒಂದೂವರೆ ಪಟ್ಟು ದೊಡ್ಡದಾಗಿ ಬಿಡಿಸುವುದು ಹಳೆಯ ರೂಢಿ, ಈಗಲೂ ಒಳ್ಳೆಯದೇ. ಕುಗ್ಗಿಸಿದಾಗ ಕೈಯ ನಡುಕ ಕಾಣುವುದಿಲ್ಲ. ಆದರೆ 0.1ರಂಥ ತೀರಾ ತೆಳು ತುದಿಯ ಪೆನ್ನಿನ ಗೆರೆ ಮಾಯವಾಗಬಹುದು, ಒತ್ತೊತ್ತಾದ ಗೆರೆಗಳು ಕೂಡಿಕೊಂಡು ಕಪ್ಪು ಮುದ್ದೆಯಾಗಬಹುದು. ಕಪ್ಪು-ಬಿಳುಪು ಗೆರೆಚಿತ್ರವನ್ನು 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿ, ಅಚ್ಚಿನ ಅಳತೆಗೇ ಒಂದು ಪ್ರಿಂಟ್ ತೆಗೆದು ನೋಡಿ.