ಇಸ್ತ್ರಿ ಮಾಡಿದ ಶರ್ಟು

ನೀನು ಆಂಟಿ ಅಂತ ಕರೆದಿದ್ದೀಯ, ಅದಕ್ಕೇ ಏಕವಚನದಲ್ಲೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಅಮೆರಿಕದ ಫ್ರೀಮಾಂಟ್‌ಗೆ ಬಂದು ಎರಡು ತಿಂಗಳಾಯಿತು, ಮನೆ ಎಲ್ಲಿ ನೋಡಲಿ, ಕಾರು ಹೊಸದೋ ಹಳೆಯದೋ, ಅಪ್ಪ ಅಮ್ಮನನ್ನು ಕರೆಸಿಕೊಳ್ಳಬಹುದಾ, ಆಫೀಸಿನಲ್ಲಿ ಲಾಂಗ್ ಟರ್ಮ್ ಕೇರ್ ಇನ್ಶೂರೆನ್ಸ್ (ಕೈಲಾಗದ ಕಾಲದಲ್ಲಿ ನೋಡಿಕೊಳ್ಳುವವರ ಖರ್ಚಿನ ವಿಮೆ) ಫಾರಂ ಕೊಟ್ಟಿದ್ದಾರೆ, ಸಹಿ ಹಾಕಲಾ ಅಂತ ಕೇಳಿದ್ದೀಯ.

ಮನೆ, ಕಾರಿನ ವಿಷಯ ನಿನ್ನ ವಯಸ್ಸಿನವರನ್ನೇ ಕೇಳು. ನಾವು ಬಂದಿದ್ದು 1987ರಲ್ಲಿ, ಆಗಿನ ಲೆಕ್ಕ ಈಗ ನಡೆಯುವುದಿಲ್ಲ. ಬಾಡಿಗೆ ಕರಾರು ಕೈಗೆ ಬಂದ ರಾತ್ರಿ ನಮ್ಮವರು ಒಂದೊಂದು ಸಾಲಿನ ಕೆಳಗೂ ಸ್ಕೇಲು ಇಟ್ಟುಕೊಂಡು ಓದಿದ್ದರು. 2001ರಲ್ಲಿ ಈ ಇನ್ಶೂರೆನ್ಸ್ ಪಾಲಿಸಿಯನ್ನೂ ಹಾಗೇ ಓದಿ ತೆಗೆದುಕೊಂಡರು. ಕ್ಲೇಮು ಮಾಡುವ ಹೊತ್ತಿಗೆ ಅದರಲ್ಲಿ ಏನಿದೆ ಅಂತ ಅವರಿಗೆ ನೆನಪಿರಲಿಲ್ಲ. ನಾನು ಯಾವತ್ತೂ ತೆರೆದು ನೋಡಿರಲಿಲ್ಲ.

ನೀನು ಸಿಟಿಜನ್ ಆಗುವವರೆಗೆ ಅಪ್ಪ ಅಮ್ಮನಿಗೆ ಗ್ರೀನ್ ಕಾರ್ಡ್ ಹಾಕಲು ಆಗುವುದಿಲ್ಲ. ಆಮೇಲೂ 65 ದಾಟಿದವರು 5 ವರ್ಷ ಇಲ್ಲೇ ಇದ್ದ ಮೇಲೆ ದುಡ್ಡು ಕಟ್ಟಿ ಮೆಡಿಕೇರ್, ಅಂದರೆ ವಯಸ್ಸಾದವರ ಸರ್ಕಾರಿ ಆರೋಗ್ಯ ವಿಮೆ, ಸೇರಬೇಕು. ಅದೂ ಆಸ್ಪತ್ರೆ, ಡಾಕ್ಟರ ಖರ್ಚಿಗೆ. ಅಸಿಸ್ಟೆಡ್ ಲಿವಿಂಗಿನ (ವಯಸ್ಸಾದವರನ್ನು ಇಟ್ಟುಕೊಂಡು ನೋಡಿಕೊಳ್ಳುವ ವಸತಿ) ಬಾಡಿಗೆ, ಊಟ, ಸ್ನಾನ ಮಾಡಿಸುವ ಖರ್ಚು ಮೆಡಿಕೇರ್ ಕೊಡುವುದಿಲ್ಲ. ಅದಕ್ಕೇ ಈ ಪಾಲಿಸಿ.

ಕ್ಲೇಮು ಸಿಗಲು ನೋಡುವುದು ಇವನ್ನು: ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಊಟ, ಟಾಯ್ಲೆಟ್ಟಿಗೆ ಹೋಗುವುದು, ಮಂಚದಿಂದ ಎದ್ದು ಕುರ್ಚಿಗೆ ಬರುವುದು, ಮಲಮೂತ್ರ ತಡೆದುಕೊಳ್ಳುವುದು. ಈ 6ರಲ್ಲಿ 2ಕ್ಕಾದರೂ ಕನಿಷ್ಠ 90 ದಿನ ಇನ್ನೊಬ್ಬರ ಸಹಾಯ ಬೇಕು ಅಂತ ಡಾಕ್ಟರೋ ನರ್ಸೋ ಬರೆದುಕೊಡಬೇಕು. ಇಲ್ಲವೇ ಮರೆವಿನ ಕಾಯಿಲೆ ಜೋರಾಗಿ, ಒಬ್ಬರು ಸದಾ ಕಾಯಬೇಕು ಅನ್ನುವ ಸ್ಥಿತಿ ಇರಬೇಕು. 1996ರ ಫೆಡರಲ್ ಕಾನೂನಿನ ನಂತರದ ಹೆಚ್ಚಿನ ಪಾಲಿಸಿಗಳಿಗೆ ಇದೇ ಅಳತೆ. ಜಗಳ ಹುಟ್ಟುವುದು ‘ಸಹಾಯ’ ಅನ್ನುವ ಪದದ ಮೇಲೆ. ಕೈ ಹಿಡಿದು ಮಾಡಿಸಬೇಕಾ, ಪಕ್ಕದಲ್ಲಿ ನಿಂತಿದ್ದರೂ ಸಾಕಾ?

2018ರಲ್ಲಿ ನಮ್ಮವರು ರಾತ್ರಿ ಬಾಗಿಲು ತೆಗೆದು ರಸ್ತೆಗೆ ಹೊರಟುಬಿಡುತ್ತಿದ್ದರು. ನನ್ನ ಕೈಲಾಗದೆ ಅಸಿಸ್ಟೆಡ್ ಲಿವಿಂಗಿಗೆ ಸೇರಿಸಿದೆವು. ಕ್ಲೇಮು ಹಾಕಿದಾಗ, ಪರೀಕ್ಷೆಗೆ ಇನ್ಶೂರೆನ್ಸ್ ಕಂಪನಿಯ ನರ್ಸ್ ಬರುತ್ತಾರೆ ಅಂದರು. ಯಾರಾದರೂ ಬರುತ್ತಾರೆ ಅಂದರೆ ನಾವು ಏನು ಮಾಡುತ್ತೇವೆ, ನಿನಗೆ ಗೊತ್ತಲ್ವಾ. ಬೆಳಿಗ್ಗೆಯೇ ಹೋಗಿ ಸ್ನಾನ ಮಾಡಿಸಿದೆ. ನೀಲಿ ಚೌಕಳಿ ಶರ್ಟು, ಮನೆಯಲ್ಲೇ ಇಸ್ತ್ರಿ ಮಾಡಿ ಒಯ್ದಿದ್ದು. ಗುಂಡಿಗಳನ್ನು ನಾನೇ ಹಾಕಿ, ತಲೆ ಬಾಚಿದೆ.

"ಸ್ನಾನ ನೀವೇ ಮಾಡುತ್ತೀರಾ?" ಅಂತ ನರ್ಸ್ ಕೇಳಿದರು. "ಹೂಂ, ಎಲ್ಲಾ ನಾನೇ. ಕಾಫಿ ತಗೋತೀರಾ?" ಅಂದರು ಇವರು. ಇವರ ಎದುರಿಗೇ ಅಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ. ಸುಮ್ನೆ ನಕ್ಕೆ. ನರ್ಸನ್ನು ಹೊರಗೆ ಕರೆದು ನಿಜ ಹೇಳಬಹುದಿತ್ತು. ಅದು ಆಗ ಹೊಳೆಯಲೇ ಇಲ್ಲ.

ಮೂರು ವಾರಕ್ಕೆ ಪತ್ರ ಬಂತು. ಬಟ್ಟೆ ಶುಚಿಯಾಗಿದೆ, ಸ್ನಾನಕ್ಕೆ ಸಹಾಯ ಬೇಡ, ಕ್ಲೇಮು ಒಪ್ಪುವುದಿಲ್ಲ ಅಂತ. ಅಲ್ಲಿನ ಕೆಲಸದವರು ದಿನಾ ತುಂಬುವ ಹಾಳೆಯಲ್ಲೂ ‘ತಾನೇ ಮಾಡಿಕೊಳ್ಳುತ್ತಾರೆ’ ಅನ್ನುವ ಕಡೆಗೇ ಟಿಕ್ ಹಾಕಿದ್ದರು. ಆ ಹಾಳೆಯನ್ನು ಪ್ರತಿ ವಾರ ಕೇಳಿ ನೋಡಬೇಕು ಅಂತ ನನಗೆ ಯಾರೂ ಹೇಳಿರಲಿಲ್ಲ.

ಮಗಳು ಅಪೀಲು ಬರೆದಳು. ನರರೋಗದ ಡಾಕ್ಟರ ಪತ್ರ, ಮರೆವಿನ ಪರೀಕ್ಷೆಯ ವರದಿ, ಇವರು ಹೊರಗೆ ಹೋದ ರಾತ್ರಿಗಳ ತಾರೀಖು, ಎಲ್ಲಾ ಲಗತ್ತಿಸಿದಳು. ಕ್ಯಾಲಿಫೋರ್ನಿಯಾದ ಇನ್ಶೂರೆನ್ಸ್ ಇಲಾಖೆಗೂ ದೂರು ಕೊಟ್ಟಳು. ಏಳು ತಿಂಗಳ ಮೇಲೆ ಒಪ್ಪಿದರು, ಎರಡನೇ ನರ್ಸ್ ಬಂದ ದಿನದಿಂದ ಮಾತ್ರ. ಪಾಲಿಸಿಯಲ್ಲಿ ಕಾಯುವ ಅವಧಿ ಅಂತ ಇತ್ತು, ಆ ಮೊದಲ 90 ದಿನದ ಖರ್ಚೂ ನಮ್ಮ ಕೈಯಿಂದಲೇ.

ಎರಡನೇ ಸಲ ನಾನು ಏನೂ ಮಾಡಲಿಲ್ಲ. ಶರ್ಟು ಒಳಗಿನದು ಹೊರಗಾಗಿ ಹಾಕಿಕೊಂಡು ಕುಳಿತಿದ್ದರು. ಹೊರಗಿನವರು ಅವರನ್ನು ಹಾಗೆ ನೋಡಿದ್ದು ಅದೇ ಮೊದಲು. ನಮ್ಮವರು ತೀರಿಕೊಂಡು ನಾಲ್ಕು ವರ್ಷವಾಯಿತು, ಅವರಿಗೆ ಆ ದಿನ ಗೊತ್ತಾಗಿತ್ತಾ ಅಂತ ಇವತ್ತಿಗೂ ಯೋಚಿಸುತ್ತೇನೆ.

ನಿನ್ನ ಫಾರಂ ವಿಷಯ. ಕೆಲಸ ಬಿಟ್ಟರೆ ಪಾಲಿಸಿ ನಿನ್ನ ಜೊತೆ ಬರುತ್ತದಾ ಕೇಳು. ಪ್ರೀಮಿಯಂ ಏರಿಸುತ್ತಾರಾ ಕೇಳು, ನಮ್ಮದು ಎರಡು ಸಲ ಏರಿತು. ಮೈಸೂರಿಗೆ ವಾಪಸ್ ಹೋದರೆ ಕೊಡುತ್ತಾರಾ ಅನ್ನುವುದನ್ನು ತಪ್ಪದೆ ಕೇಳು. ಎಷ್ಟೋ ಪಾಲಿಸಿಗಳು ಅಮೆರಿಕದ ಹೊರಗೆ ಏನೂ ಕೊಡುವುದಿಲ್ಲ, ಕೊಟ್ಟರೂ ಕಡಿಮೆ. ನಾವೂ ವಾಪಸ್ ಹೋಗುತ್ತೇವೆ ಅಂತಲೇ ಬಂದವರು.

ಬ್ರೋಷರ್ ನೋಡಿ ಸಹಿ ಹಾಕಬೇಡ. ಪೂರ್ತಿ ಪಾಲಿಸಿ ಕೇಳಿ ತೆಗೆದುಕೊಂಡು ಭಾನುವಾರ ಮನೆಗೆ ಬಾ, ಇಬ್ಬರೂ ಕೂತು ಓದೋಣ. ಊಟ ಇಲ್ಲೇ.