ಗಾಡಿ ಪ್ರಶ್ನೋತ್ತರ: ಹಳೆಯ ಪೋಲೊ ಜಿಟಿ ಕೊಳ್ಳಬಹುದೇ?

ಪ್ರಶ್ನೆ: ಬೆಂಗಳೂರಿನಲ್ಲಿ 2015ರ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ ಸಿಗುತ್ತಿದೆ. 72,000 ಕಿ.ಮೀ. ಓಡಿದೆ. ಓಡಿಸಿ ನೋಡಿದಾಗ ತುಂಬಾ ಹಿಡಿಸಿತು. ಗೇರ್‌ಬಾಕ್ಸ್ ಕೈಕೊಡುತ್ತದೆ ಎಂದು ಗೆಳೆಯರು ಹೆದರಿಸುತ್ತಿದ್ದಾರೆ. ಏನು ಮಾಡಲಿ?
— ಓದುಗರು, ದಾವಣಗೆರೆ

ಉತ್ತರ: ಗೆಳೆಯರು ಸುಮ್ಮನೆ ಹೆದರಿಸುತ್ತಿಲ್ಲ. ಈ ಗಾಡಿಯ 1.2 ಲೀಟರ್ ಟರ್ಬೊ ಎಂಜಿನ್‌ಗೆ (105 ಪಿಎಸ್ ಶಕ್ತಿ, 175 ನ್ಯೂಟನ್ ಮೀಟರ್ ಟಾರ್ಕ್ ಅಂದರೆ ತಿರುಗುಬಲ) ಜೋಡಿಸಿರುವುದು ಏಳು ಗೇರಿನ ಡಿಎಸ್‌ಜಿ, ಅಂದರೆ ಎರಡು ಕ್ಲಚ್‌ಗಳ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಅದರ ಎರಡೂ ಕ್ಲಚ್‌ಗಳು ಒಣ ಕ್ಲಚ್‌ಗಳು, ಕಾದಾಗ ತಂಪಾಗಿಸಲು ಸುತ್ತ ಆಯಿಲ್ ಇರುವುದಿಲ್ಲ. ಸಿಲ್ಕ್ ಬೋರ್ಡ್‌ನಂಥ ಕಡೆ ಗಾಡಿ ಅಡಿ ಅಡಿಯಾಗಿ ತೆವಳುವಾಗ ಕ್ಲಚ್ ಪೂರ್ತಿ ಹಿಡಿಯದೆ ಉಜ್ಜುತ್ತಲೇ ಇರುತ್ತದೆ. ಹೆದ್ದಾರಿಯಲ್ಲಿ ಲಕ್ಷ ಕಿ.ಮೀ. ಓಡಿದ ಗಾಡಿಗಿಂತ ಊರೊಳಗೇ 50,000 ಓಡಿದ ಗಾಡಿಯ ಕ್ಲಚ್ ಹೆಚ್ಚು ಸವೆದಿರುವುದುಂಟು. ಆದ್ದರಿಂದ ಎಷ್ಟು ಓಡಿದೆ ಎನ್ನುವುದರ ಜೊತೆಗೆ ಎಲ್ಲಿ ಓಡಿದೆ ಎಂದೂ ಕೇಳಿ.

ನೋಡಲು ಬೆಳಿಗ್ಗೆಯೇ ಹೋಗಿ. ನೀವು ಬರುವ ಮೊದಲು ಸ್ಟಾರ್ಟ್ ಮಾಡಬಾರದೆಂದು ಹೇಳಿಟ್ಟು, ತಲುಪಿದ ಕೂಡಲೇ ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಹೋಗುವುದೇ ಲೇಸು, ಏಕೆಂದರೆ ಎಂಜಿನ್‌ನ ಸದ್ದು, ನೀಲಿ ಹೊಗೆ ಎಲ್ಲ ಗೊತ್ತಾಗುವುದು ತಣ್ಣಗಿದ್ದಾಗ. ಗೇರ್‌ಬಾಕ್ಸ್ ಪರೀಕ್ಷೆ ಇದಕ್ಕೆ ತದ್ವಿರುದ್ಧ, ಅದು ಬಿಸಿಯಾಗಬೇಕು. ಟ್ರಾಫಿಕ್‌ನಲ್ಲೇ ಅರ್ಧ ತಾಸು ಓಡಿಸಿ. ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಹೋಗುವಾಗ ನಡುಗಿದರೆ ಕ್ಲಚ್ ಸವೆದಿದೆ ಎಂದು ಅನುಮಾನಿಸಿ. ಇಳಿಜಾರಿನಲ್ಲಿ ರಿವರ್ಸ್ ಹಾಕಿ ಮೇಲಕ್ಕೆ ಹತ್ತಿಸಿ. ಡಿ-ಯಿಂದ ಆರ್‌ಗೆ ಹಾಕಿದಾಗ ತಡವಾಗಿ ಧಡ್ ಎಂದು ಹಿಡಿದರೆ, ಅಥವಾ ಮೀಟರ್‌ನಲ್ಲಿ ಗೇರಿನ ಅಕ್ಷರ ಮಿನುಗಿದರೆ, ತೊಂದರೆ ಮೆಕಾಟ್ರಾನಿಕ್ಸ್‌ನಲ್ಲಿರಬಹುದು. ಕ್ಲಚ್ ಒತ್ತಿ ಗೇರ್ ಬದಲಿಸುವ ಕೆಲಸ ಈ ಘಟಕದ್ದು. ಪೂರ್ತಿ ಬದಲಿಸಬೇಕಾದರೆ ಬಿಲ್ಲು ಲಕ್ಷ ದಾಟಬಹುದು.

ಫೋಕ್ಸ್‌ವ್ಯಾಗನ್ ಗಾಡಿ ಬಲ್ಲ ಗ್ಯಾರೇಜಿನಲ್ಲಿ ಸ್ಕ್ಯಾನ್ ಮಾಡಿಸದೆ ಮುಂಗಡ ಕೊಡಬೇಡಿ. ಸ್ಕ್ಯಾನರ್‌ನಲ್ಲಿ ದೋಷ ಸಂಕೇತ ಇಲ್ಲ ಎಂದ ಮಾತ್ರಕ್ಕೆ ನಂಬಬೇಡಿ, ಮಾರುವ ಮೊದಲು ಅಳಿಸುವುದು ಸುಲಭ. 'ರೆಡಿನೆಸ್' ಪುಟ ತೆಗೆಸಿ. ಅದರಲ್ಲಿ ಸ್ವಯಂಪರೀಕ್ಷೆಗಳು ಇನ್ನೂ ಮುಗಿದಿಲ್ಲವೆಂದು ತೋರಿಸಿದರೆ ಇತ್ತೀಚೆಗಷ್ಟೇ ಅಳಿಸಿರಬಹುದು, ಬ್ಯಾಟರಿ ಕಳಚಿರಲೂಬಹುದು. ರೀಮ್ಯಾಪ್ (ಶಕ್ತಿ ಹೆಚ್ಚಿಸಲು ಎಂಜಿನ್ ಕಂಪ್ಯೂಟರಿನ ಪ್ರೋಗ್ರಾಂ ಬದಲಿಸುವುದು) ಆಗಿದೆಯೇ ಎಂದೂ ಕೇಳಿ. ಈ ಗೇರ್‌ಬಾಕ್ಸ್ ತಾಳುವ ಟಾರ್ಕ್‌ನ ಮಿತಿ 250 ನ್ಯೂಟನ್ ಮೀಟರ್. ರೀಮ್ಯಾಪ್‌ನಿಂದ ಟಾರ್ಕ್ ಏರಿಸಿದಷ್ಟೂ ಆ ಅಂತರ ಕರಗುತ್ತದೆ, ಭಾರ ಹೊರುವುದು ಮೊದಲೇ ಸವೆದ ಕ್ಲಚ್.

ಎಂಜಿನ್ ಕಡೆಯಿಂದ ಒಂದು ಮಾತು: ಪೆಟ್ರೋಲು ನೇರವಾಗಿ ಸಿಲಿಂಡರ್‌ಗೇ ಚಿಮ್ಮುವುದರಿಂದ ಇನ್‌ಟೇಕ್ ವಾಲ್ವ್‌ಗಳು ಪೆಟ್ರೋಲಿನಿಂದ ತೊಳೆದುಕೊಳ್ಳುವುದಿಲ್ಲ, ಕಾರ್ಬನ್ ಕಟ್ಟುತ್ತದೆ. ಐಡಲ್‌ನಲ್ಲಿ ತಡವರಿಸಿದರೆ ಸ್ಪಾರ್ಕ್ ಪ್ಲಗ್, ಕಾಯಿಲ್ ನೋಡಿಸಿದ ಮೇಲೆ ವಾಲ್ವ್ ಶುಚಿ ಮಾಡಿಸುವ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಕೂಲೆಂಟ್ ಟ್ಯಾಂಕಿನಲ್ಲಿ ಗುಲಾಬಿ ಬಣ್ಣದ ಬದಲು ಬರೀ ನೀರು ಕಂಡರೆ ಎಲ್ಲೋ ಸೋರಿದೆ, ನಲ್ಲಿ ನೀರು ತುಂಬಿಸಿಕೊಂಡು ಓಡಿಸಿದ್ದಾರೆ ಎಂದು ತಿಳಿಯಿರಿ.

ಬೆಂಗಳೂರಿನ ಗಾಡಿಯಾದ್ದರಿಂದ ಇನ್ನೊಂದು ಎಚ್ಚರ ಬೇಕು. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಸುತ್ತಮುತ್ತ ಎಷ್ಟೋ ಕಾರುಗಳು ನೆರೆಯಲ್ಲಿ ಮುಳುಗಿದ್ದವು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ: ಮೇಲಿನ ಭಾಗ ತೊಳೆದಿದ್ದರೂ ಒಳಗೆ ಸುತ್ತಿಕೊಂಡಿರುವ ಪಟ್ಟಿಯಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಸೀಟಿನಡಿಯ ಬೋಲ್ಟ್‌ಗಳ ತುಕ್ಕನ್ನೂ ನೋಡಿ.

ನನ್ನ ಅಭಿಪ್ರಾಯ ಕೇಳಿದರೆ, ಗಾಡಿ ಬೆಲೆಯ ಮೇಲೆ ಒಂದೂವರೆ ಲಕ್ಷ ರಿಪೇರಿಗೆಂದೇ ಎತ್ತಿಡಲು ಆಗದಿದ್ದರೆ ಇದನ್ನು ಬಿಡಿ. 2020ರಿಂದ ಬಂದ 1.0 ಲೀಟರ್ ಟಿಎಸ್‌ಐ ಪೋಲೊ ಹುಡುಕಿ. 110 ಪಿಎಸ್, ಆರು ಗೇರಿನ ಮ್ಯಾನುಯಲ್. ಆಟೊಮ್ಯಾಟಿಕ್ಕೇ ಬೇಕೆಂದರೂ ಅದರಲ್ಲಿರುವುದು ಆಯಿಲ್ ಮೂಲಕ ಶಕ್ತಿ ಸಾಗಿಸುವ ಟಾರ್ಕ್ ಕನ್ವರ್ಟರ್, ಒಣ ಕ್ಲಚ್ ಅಲ್ಲ.

ಪ್ರಶ್ನೆ: ಪುಣೆಯಲ್ಲಿ 2018ರ ಬಲೆನೊ ಆರ್‌ಎಸ್ ನೋಡಿದ್ದೇನೆ. ಎಂಎಚ್ ನಂಬರಿನಲ್ಲೇ ಓಡಿಸಬಹುದೇ?
— ಓದುಗರು, ಬೆಳಗಾವಿ

ಉತ್ತರ: ಗಾಡಿ ಒಳ್ಳೆಯ ಆಯ್ಕೆ. 1.0 ಲೀಟರ್ ಬೂಸ್ಟರ್‌ಜೆಟ್ ಟರ್ಬೊ ಎಂಜಿನ್, 102 ಪಿಎಸ್, ಹಿಂದೆಯೂ ಡಿಸ್ಕ್ ಬ್ರೇಕ್. ಆದರೆ 12 ತಿಂಗಳು ಮೀರಿ ಇಲ್ಲಿ ಇಟ್ಟುಕೊಳ್ಳುವುದಾದರೆ ಕೆಎ ನಂಬರು ಕಡ್ಡಾಯ. ಸಾಲವಿದ್ದರೆ ಮಾರುವವರು ಮೊದಲು ಬ್ಯಾಂಕಿನ ಪತ್ರ, ಫಾರಂ 35 ಕೊಟ್ಟು ಆರ್‌ಸಿಯಿಂದ ಹೈಪೋಥಿಕೇಶನ್ (ಸಾಲದ ನಮೂದು) ತೆಗೆಸಲಿ, ಬಾಕಿ ದಂಡ ಕಟ್ಟಲಿ. ನಂತರ ಫಾರಂ 28ರಲ್ಲಿ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ). ಮಾಲೀಕತ್ವ ವರ್ಗಾವಣೆಯ ಫಾರಂ 29, 30ಕ್ಕೆ ಮಾರುವವರ ಸಹಿ ಪುಣೆಯಲ್ಲೇ ಮಾಡಿಸಿಕೊಂಡು ಬನ್ನಿ, ಒಂದು ಸಹಿ ಬಿಟ್ಟುಹೋದರೂ ಮತ್ತೆ ಓಡಾಡಬೇಕು. ಇಲ್ಲಿ ಗಾಡಿಯ ವಯಸ್ಸಿಗೆ ತಕ್ಕಂತೆ ಜೀವಾವಧಿ ತೆರಿಗೆ ಕಟ್ಟಬೇಕು. ಅದೇನು ಸಣ್ಣ ಮೊತ್ತವಲ್ಲ, ಬೆಲೆ ಮಾತಾಡುವ ಮೊದಲೇ ನಿಮ್ಮ ಆರ್‌ಟಿಒದಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ನೋ ಕ್ಲೇಮ್ ಬೋನಸ್ (ಪರಿಹಾರ ಕೇಳದ್ದಕ್ಕೆ ವಿಮಾ ಕಂತಿನಲ್ಲಿ ಸಿಗುವ ರಿಯಾಯಿತಿ) ಮಾತ್ರ ಮಾರಿದವರದೇ, ಗಾಡಿಯೊಂದಿಗೆ ಬರುವುದಿಲ್ಲ.

ಪ್ರಶ್ನೆ: ಹಳೆಯ ಸ್ಕೋಡಾ ಆಕ್ಟೇವಿಯಾ ಕಾಂಬಿ ಡೀಸೆಲ್, ಎಸ್ಟೇಟ್ (ಹಿಂದೆ ಚಾವಣಿಯವರೆಗೂ ಜಾಗವಿರುವ) ಗಾಡಿ. ಬಿಡಿಭಾಗ ಸಿಗುತ್ತವೆಯೇ?
— ಓದುಗರು, ಮಂಗಳೂರು

ಉತ್ತರ: ಎಂಜಿನ್, ಬ್ರೇಕ್, ಮುಂದಿನ ಸಸ್ಪೆನ್ಶನ್ ಎಲ್ಲ ಮಾಮೂಲಿ ಆಕ್ಟೇವಿಯಾದ್ದೇ, ಚಿಂತೆಯಿಲ್ಲ. ಹಿಂಬಾಗಿಲು, ಅದರ ಗಾಜು, ಹಿಂದಿನ ಲೈಟುಗಳು ಮಾತ್ರ ಕಾಂಬಿಗೇ ಬೇರೆ. ಅವು ಒಡೆದಿದ್ದರೆ ಬೇಡವೇ ಬೇಡ. ಕೊಂಡ ವಾರವೇ ಟೈಮಿಂಗ್ ಬೆಲ್ಟ್, ಟೆನ್ಶನರ್, ವಾಟರ್ ಪಂಪ್ ಮೂರನ್ನೂ ಒಟ್ಟಿಗೆ ಬದಲಿಸಿ. 1.9 ಟಿಡಿಐ ಡೀಸೆಲ್ ಎಂಜಿನ್‌ನಲ್ಲಿ ಬೆಲ್ಟ್ ತುಂಡಾದರೆ ಪಿಸ್ಟನ್‌ಗೆ ವಾಲ್ವ್ ಬಡಿಯುತ್ತದೆ. 15 ವರ್ಷ ದಾಟಿದ ಗಾಡಿಯಾದ್ದರಿಂದ ಆರ್‌ಸಿ ನವೀಕರಣವಾಗಿದೆಯೇ, ಹಸಿರು ತೆರಿಗೆ ಕಟ್ಟಿದೆಯೇ ನೋಡಿಕೊಂಡೇ ಹಣ ಕೊಡಿ.